ಉರುಳು ದಾಸ್ತಾನು

೧೯೬೧ ಜುಲೈ ೩, ಸೋಮವಾರ

ಸೇವೆಯಿಂದ ನಿವೃತ್ತನಾದ ಮೇಲೆ ದಿನಚರಿ ಬರೆಯಲು ಇಂದು ತೊಡಗಿದ್ದೇನೆ. ಅಂತರಂಗವನ್ನು ತೋಡಿಕೊಳ್ಳುವ ದೌರ್ಬಲ್ಯ ನನಗಿಲ್ಲ. ವಾಕ್ಯರಚನೆಯ ಅಭ್ಯಾಸ ತಪ್ಪಬಾರದೆಂಬುದಷ್ಟೇ ಉದ್ದೇಶ. ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿಯೇ ಓದಿ, ಕನ್ನಡದಲ್ಲಿಯೇ ಬೋಧಿಸಿ, ಯಲಹಂಕದ ಮಾಧ್ಯಮಿಕ ಶಾಲೆಯ ಮುಖ್ಯೋಪಾಧ್ಯಾಯ ನರಸಿಂಹಯ್ಯ ಎನಿಸಿಕೊಂಡು ಹೊರಬಂದವನು ನಾನು. ಇಷ್ಟು ವರ್ಷ ತಿದ್ದಿದ ಕೈಗೆ ಈಗ ತಿದ್ದಲು ಏನೂ ಸಿಗುತ್ತಿಲ್ಲ.

ಬೆಳಿಗ್ಗೆ ಹಾಲು ತರುವ ಮುನಿಕೆಂಪಮ್ಮನಿಗೆ, "ಆಲು ಅಲ್ಲ, ಹಾಲು. ಹಕಾರವು ಎದೆಯಿಂದ ಹೊರಡಬೇಕು" ಎಂದು ಹೇಳಿಕೊಟ್ಟೆ. ಆಕೆ ಎರಡು ಸಲ ಪ್ರಯತ್ನಿಸಿ ಕೆಮ್ಮಿದಳು. ಸಂಜೆ ನನ್ನ ಪತ್ನಿ ಗಂಗರತ್ನಮ್ಮ ಕಾಫಿ ಲೋಟವನ್ನು ಕುಕ್ಕಿ ಇಟ್ಟಳು.

"ಅವಳು ಆಲು ಅಂತಿದ್ದಾಗ ಗಟ್ಟಿ ಹಾಲು ಕೊಡ್ತಿದ್ಲು. ಇವತ್ತು ಹಾಲು ಅಂದ್ಬಿಟ್ಟು ನೀರು ಹೊಯ್ದು ಹೋಗಿದಾಳೆ. ಸಂಜೆ ಹೊತ್ತು ಎಲ್ಲಾದ್ರೂ ಹೋಗ್ಬನ್ನಿ ಅಂದ್ರೆ. ನನ್ನ ಸಾರಿಗೆ ನೀವು ಮಾರ್ಕ್ಸ್ ಕೊಡೋಕೆ ಮುಂಚೆ."

ಹಾಸ್ಯವೆಂದು ಭಾವಿಸಿ ಕಾಫಿ ಕುಡಿದೆ.

ಜುಲೈ ೫, ಬುಧವಾರ

ಸಂತೆ ಬೀದಿಯ ಕೊನೆಯಲ್ಲಿ ಚಿಕ್ಕಬೈರಪ್ಪನವರ ಆಲೂಗಡ್ಡೆ ಮಂಡಿ ಇದೆ. ಫಸಲಿಲ್ಲದ ತಿಂಗಳುಗಳಲ್ಲಿ ಅದು ಖಾಲಿ. ಅದರ ಬಾಗಿಲಿಗೆ ಇಂದು ಒಂದು ಹಲಗೆ ತೂಗುತ್ತಿತ್ತು: "ಯಲಹಂಕ ಮಾಡಲ್ ರೈಲ್ವೆ ಕ್ಲಬ್ಬು. ಎಲ್ರೂ ಒಳಗೆ ಬರಬವುದು."

ಬರಬವುದು! ಜೇಬಿನಲ್ಲಿ ಸೀಮೆಸುಣ್ಣವಿತ್ತು. ಆದರೂ ಮಾಲೀಕರ ಅನುಮತಿಯಿಲ್ಲದೆ ತಿದ್ದುವುದು ಶಿಷ್ಟಾಚಾರವಲ್ಲವೆಂದು ಒಳಗೆ ಹೋದೆ.

ಉದ್ದನೆಯ ಹಲಗೆಗಳ ಮೇಲೆ ತಗಡಿನ ಹಳಿ. ಗೋಣಿತಟ್ಟಿನ ಮೇಲೆ ಸಗಣಿ ಬಳಿದು ಮಾಡಿದ ನಂದಿಬೆಟ್ಟ. ಸುತ್ತ ಮಂಡಿಯೂರಿ ಕುಳಿತ ಮೂವರು. ಒಬ್ಬರು ಜಮೀನುದಾರರಾದ ಚಿಕ್ಕಬೈರಪ್ಪ. ಇನ್ನೊಬ್ಬರು ಕೃಷ್ಣಯ್ಯ, ಯಶವಂತಪುರದಲ್ಲಿ ಗೂಡ್ಸ್ ಗುಮಾಸ್ತರಾಗಿದ್ದವರು, ಕ್ಲಬ್ಬಿನ ಕಾರ್ಯದರ್ಶಿ, ಒಂದು ವಾಕ್ಯದಲ್ಲಿ ನಾಲ್ಕು ಇಂಗ್ಲಿಷ್ ಪದ ತುರುಕುವ ಮನುಷ್ಯ. ಬೆಂಗಳೂರಿನ ದಂಡುಪ್ರದೇಶದಲ್ಲಿ ಯಾವನೋ ಇಂಗ್ಲಿಷ್ ದೊರೆ ಸ್ವದೇಶಕ್ಕೆ ಹೊರಟಾಗ ಹರಾಜಿಗಿಟ್ಟಿದ್ದ ಕೀಲಿ ಎಂಜಿನ್ನನ್ನು ಇವರು ಕೊಂಡಿದ್ದಾರೆ. ಮೂರನೆಯವರು ಬಜಾರಿನಲ್ಲಿ ತಗಡಿನ ಅಂಗಡಿ ಇಟ್ಟಿರುವ ಮೊಯಿನುದ್ದೀನ್. ಎಣ್ಣೆಡಬ್ಬಿ ಕತ್ತರಿಸಿ ರೈಲುಡಬ್ಬಿ ಮಾಡುವುದು ಅವರ ಹವ್ಯಾಸ.

ಸಂಸಾರಸ್ಥರಾದ ಗಂಡಸರು ಕೀಲಿ ತಿರುಗಿಸಿ ಆಟಿಕೆ ಓಡಿಸುವುದನ್ನು ಕಂಡು ಕನಿಕರವಾಯಿತು. ಬಂದ ಕಾರಣ ಹೇಳಿದೆ.

"ಅಲ್ಗೇಲಿ ತಪ್ಪಾ? ನಾನೇ ಬರ್ದಿದ್ದು ಸ್ವಾಮಿ," ಎಂದರು ಚಿಕ್ಕಬೈರಪ್ಪ. "ಬರಬವುದು ಅಂತ್ಲೇ ತಾನೆ ಎಲ್ರೂ ಅನ್ನಾದು? ನೀವೂ ಬಂದ್ರಲ್ಲ!"

ಕೃಷ್ಣಯ್ಯ ನಕ್ಕು, "ಬಂದಿದ್ದು ಬಂದ್ರಿ ಮೇಷ್ಟ್ರೇ. ಎಂಜಿನ್ನು, ಕ್ಯಾರೇಜು, ವ್ಯಾಗನ್ನು ಎಲ್ಲ ಸೇರಿಸಿ ನಮ್ಮಲ್ಲಿ ರೋಲಿಂಗ್ ಸ್ಟಾಕ್ ಅಂತೀವಿ. ಅದಕ್ಕೆ ಕನ್ನಡದಲ್ಲಿ ಏನಂತಾರೆ, ಹೇಳಿ ನೋಡೋಣ" ಎಂದರು.

ನಾಳೆ ತಿಳಿಸುತ್ತೇನೆಂದು ಹೊರಬಂದೆ. ಹೀಗಾಗಿ ನಾಳೆಯೂ ಅಲ್ಲಿಗೆ ಹೋಗುವುದು ಅನಿವಾರ್ಯ.

ಜುಲೈ ೧೪, ಶುಕ್ರವಾರ

ಒಂದು ಪ್ರಶ್ನೆಯಿಂದ ಇನ್ನೊಂದು ಹುಟ್ಟುತ್ತಿರುವುದರಿಂದ ಪ್ರತಿ ಸಂಜೆಯೂ ಹೋಗಬೇಕಾಗಿದೆ. ಇಂದು ನನ್ನ ಪದಪಟ್ಟಿಯನ್ನು ಸಭೆಗೆ ಓದಿದೆ. ಎಂಜಿನ್ನಿಗೆ ಧೂಮಯಂತ್ರ. ಗಾರ್ಡು ಕೂರುವ ಬ್ರೇಕ್ ವ್ಯಾನಿಗೆ ತಡೆಬಂಡಿ. ಹಳಿ ಕವಲೊಡೆಯುವಲ್ಲಿರುವ ಪಾಯಿಂಟ್ಸಿಗೆ ಕವಲುಗೋಲು. ರೋಲಿಂಗ್ ಸ್ಟಾಕಿಗೆ ಉರುಳು ದಾಸ್ತಾನು.

ಮೊದಲು ಮೊಯಿನುದ್ದೀನ್ ಗಂಟಲು ಸರಿಪಡಿಸಿಕೊಂಡರು.

"ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ಉರುಳು ಅಂದ್ರೆ ನೇಣು ಹಾಕ್ಕೊಳ್ಳೋ ಹಗ್ಗ ಅಲ್ವಾ?"

"ಉರುಳುವುದು ಎಂಬ ಕ್ರಿಯೆಯೂ ಉಂಟು."

"ದಾಸ್ತಾನು ನಮ್ಮ ಉರ್ದು ಕಡೆಯಿಂದ ಬಂದಿದ್ದು ಅಂತಿದ್ರು ನಮ್ಮ ಅಬ್ಬಾ."

"ಅಂಗಾರೆ ಅರ್ಧ ನೇಣು, ಅರ್ಧ ಉರ್ದು!" ಎಂದು ಚಿಕ್ಕಬೈರಪ್ಪ ತೊಡೆ ತಟ್ಟಿದರು. "ಮತ್ತೆ ಸ್ವಾಮಿ, ಧೂಮಯಂತ್ರ ಅಂದ್ರಲ್ಲ, ಒಗೆ ಎಲ್ಲೈತೆ ಇದ್ರಾಗೆ? ಕೀಲಿ ಕೊಟ್ರೆ ಓಡ್ತದೆ."

"ಒಗೆ ಎಂದರೆ ಬಟ್ಟೆ ತೊಳೆ ಎಂದರ್ಥ. ನೀವು ಹೇಳಬೇಕಾದದ್ದು ಹೊಗೆ," ಎಂದೆ.

"ಎರಡೂ ಇಲ್ವಲ್ಲ ಅದ್ರಾಗೆ!"

ಧೂಮಯಂತ್ರವನ್ನು ಹಿಂತೆಗೆದುಕೊಂಡೆ. ಅಜ್ಞಾನಿಗಳ ನಡುವೆ ಸ್ವಲ್ಪ ಸಡಿಲಿಸುವುದೂ ಬೋಧನಾಕ್ರಮವೇ. ಉರುಳು ದಾಸ್ತಾನನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಆಗಸ್ಟ್ ೬, ಭಾನುವಾರ

ಕೃಷ್ಣಯ್ಯನವರಿಗೂ ಮೊಯಿನುದ್ದೀನರಿಗೂ ಘನಘೋರ ವಾದ. ಇಂಗ್ಲೆಂಡಿನ ಎಂಜಿನ್ನಿಗೆ ಮುಂದುಗಡೆ ಧಕ್ಕೆ ತಾಳಿಕೊಳ್ಳುವ ಎರಡು ಬಫರುಗಳಿವೆ, ಎಡಕ್ಕೊಂದು ಬಲಕ್ಕೊಂದು. ಮೊಯಿನುದ್ದೀನ್ ಡಬ್ಬಿಗಳಿಗೆ ನಡುವೆ ಒಂದೇ ಇಟ್ಟಿದ್ದಾರೆ. ಒಂದಕ್ಕೊಂದು ಸೇರುವುದಿಲ್ಲ.

"ಬ್ರಿಟಿಷರಿಗಿಂತ ನಿಮಗೆ ಗೊತ್ತೇನ್ರೀ? ಎರಡಿರಬೇಕು. ದಟ್ಸ್ ಆಲ್."

"ದೊಡ್ಡ ಲೈನಲ್ಲಿ ಇರ್ಬಹುದು ಸಾಬ್. ನಮ್ಮ ಚಿಕ್ಕಬಳ್ಳಾಪುರದ ಗಾಡಿಗೆ ಒಂದೇ."

ಇಬ್ಬರೂ ಪಟ್ಟು ಸಡಿಲಿಸದಿರಲು ನಿಷ್ಪಕ್ಷಪಾತ ನಿರ್ಣಾಯಕನಾಗಿ ನಾನು ನಿಲ್ದಾಣಕ್ಕೆ ಹೋದೆ. ಯಲಹಂಕದಲ್ಲಿ ಒಂದು ಬದಿಗೆ ಮೀಟರ್ ಅಗಲದ ಹಳಿ, ಇನ್ನೊಂದು ಬದಿಗೆ ಚಿಕ್ಕಬಳ್ಳಾಪುರದ ಕಿರಿದಾದ ಹಳಿ. ಚಿಕ್ಕಂದಿನಿಂದ ನೋಡುತ್ತ ಬಂದಿದ್ದರೂ ಬಗ್ಗಿ ನೋಡಿರಲಿಲ್ಲ. ಸಣ್ಣ ಗಾಡಿಯ ಎರಡು ಡಬ್ಬಿಗಳ ನಡುವೆ ತಲೆ ಹಾಕಿ ಪರೀಕ್ಷಿಸುತ್ತಿದ್ದಾಗ ಪೋರ್ಟರೊಬ್ಬ, "ಯಾಕೆ ಯಜಮಾನ್ರೇ, ಮನೇಲಿ ಜಗಳಾನಾ?" ಎಂದು ನನ್ನನ್ನು ಹಿಂದಕ್ಕೆಳೆದ. ಅವನ ಕಳಕಳಿಯನ್ನು ಕ್ಷಮಿಸಿದೆ.

ಬಫರು ಒಂದೇ, ನಡುವೆ. ಕೊಂಡಿಯೂ ಅಲ್ಲಿಯೇ. ಅಷ್ಟೇ ಅಲ್ಲ, ಮೀಟರ್ ಹಳಿಯ ಗಾಡಿಗೂ ಒಂದೇ. ತಿರುವಿನಲ್ಲಿ ಡಬ್ಬಿಗಳು ಅತ್ತಿತ್ತ ಬಳುಕಲು ಇದೇ ಅನುಕೂಲವೆಂದು ನನಗೇ ಹೊಳೆಯಿತು. ತಿರುವಿನಲ್ಲಿ ನೋಡಬೇಕೆಂದು ಹೆಬ್ಬಾಳದ ದಿಕ್ಕಿಗೆ ಹಳಿಯುದ್ದಕ್ಕೆ ಸ್ವಲ್ಪ ದೂರ ನಡೆದೆ. ಪಂಚೆಗೆ ಗ್ರೀಸ್ ಹತ್ತಿದೆ. ಗಂಗರತ್ನಮ್ಮ ಅದನ್ನು ಒಗೆಯುವಾಗ ಹಾಡಿಕೊಳ್ಳುತ್ತಿದ್ದಳು.

ಬಫರಿಗೆ ಆಘಾತಹಾರಿ ಎಂದು ಹೆಸರಿಟ್ಟೆ. ಯಾರೂ ಬಳಸುತ್ತಿಲ್ಲ.

ಆಗಸ್ಟ್ ೨೧, ಸೋಮವಾರ

ಸಣ್ಣ ಸುಧಾರಣೆ ತಂದಿದ್ದೇನೆ. ಇದುವರೆಗೆ ಗಾಡಿ ಹೊರಡಿಸಲು ಕೃಷ್ಣಯ್ಯ ಬಸ್ಸಿನ ಕಂಡಕ್ಟರರಂತೆ "ರೈಟ್!" ಎಂದೂ, ನಿಲ್ಲಿಸಲು "ಹೋಲ್ಡಾನ್!" ಎಂದೂ ಕೂಗುತ್ತಿದ್ದರು. ಕನ್ನಡ ನೆಲದಲ್ಲಿ, ಕನ್ನಡದ ಎಣ್ಣೆಡಬ್ಬಿಯಿಂದಾದ ಗಾಡಿಗೆ ಇದೆಂಥ ಅಪಮಾನ! ಇನ್ನು ಮುಂದೆ ಹೊರಡಿಸಲು "ಬಿಡಿ", ನಿಲ್ಲಿಸಲು "ತಡೆಯಿರಿ" ಎಂದು ನಿಯಮ ಮಾಡಿದೆ.

ವ್ಯವಸ್ಥೆ ಹೀಗಿದೆ. ಒಂಟಿ ಹಳಿ. ಒಂದು ತುದಿ ಯಶವಂತಪುರ. ಅಲ್ಲಿ ಕೃಷ್ಣಯ್ಯ ಕೀಲಿ ಕೊಟ್ಟ ಎಂಜಿನ್ನನ್ನು ಹಿಡಿದಿರುತ್ತಾರೆ. ಇನ್ನೊಂದು ತುದಿ ಚಿಕ್ಕಬಳ್ಳಾಪುರ. ಅಲ್ಲಿ ಮೊಯಿನುದ್ದೀನ್ ತಾವೇ ಮಾಡಿದ ಎಂಜಿನ್ನಿನೊಡನೆ. ನಡುವೆ ಯಲಹಂಕ, ಅಲ್ಲಿ ಮಾತ್ರ ಎರಡು ಗಾಡಿ ಒಂದನ್ನೊಂದು ದಾಟಲು ಪಕ್ಕದ ಹಳಿಯಿದೆ. ಮೊದಲ "ಬಿಡಿ"ಗೆ ಕೃಷ್ಣಯ್ಯನವರ ಗಾಡಿ ಹೊರಟು ಪಕ್ಕದ ಹಳಿಗೆ ಬಂದು ನಿಲ್ಲಬೇಕು. ಅದು ನಿಂತ ಮೇಲೆಯೇ ಎರಡನೆಯ "ಬಿಡಿ", ಆಗ ಮೊಯಿನುದ್ದೀನರದು. ಎರಡು ಬಾರಿಯೂ ಹೇಳುವವನು ಯಲಹಂಕದ ನಿಲ್ದಾಣಾಧಿಕಾರಿ, ಅಂದರೆ ನಾನು. ಈ ಹುದ್ದೆಗೆ ಚುನಾವಣೆ ನಡೆಯಲಿಲ್ಲ, ಧ್ವನಿಯೇ ಅರ್ಹತೆ.

"ರೈಟ್ ಅಂದ್ರೆ ಬಾಯಿಗೆ ಅಗುರಾಗಿತ್ತು," ಎಂದು ಚಿಕ್ಕಬೈರಪ್ಪ ಗೊಣಗಿದರು. ಲಕ್ಷ್ಯ ಕೊಡಲಿಲ್ಲ.

ಸೆಪ್ಟೆಂಬರ್ ೧೭, ಭಾನುವಾರ

ಅಹಿತಕರ ವಾರ್ತೆ. ದೀಪಾವಳಿಯ ಹೊತ್ತಿಗೆ ಮಂಡಿ ಖಾಲಿಯಾಗಬೇಕು. ಆಲೂಗಡ್ಡೆ ಬರುತ್ತದೆ, ಈ ಸಲ ವರ್ಷವಿಡೀ ಮಂಡಿ ಬೇಕೆಂದು ಚಿಕ್ಕಬೈರಪ್ಪನವರ ಅಳಿಯ ಹೇಳಿದ್ದಾನೆ.

"ಏನ್ ಮಾಡ್ಲಿ ಮೇಷ್ಟ್ರೇ, ಅಳಿಯನ ಮಾತು. ನಂದಿಬೆಟ್ಟದ ಮ್ಯಾಲೇ ಮೂಟೆ ಪೇರಿಸ್ತೀನಿ ಅಂತಾನೆ," ಎಂದು ಚಿಕ್ಕಬೈರಪ್ಪ ಕಣ್ಣೊರೆಸಿಕೊಂಡರು.

ಬೇರೆ ಜಾಗ ಸಿಗದಿದ್ದರೆ ಎಲ್ಲವನ್ನೂ ಬಿಚ್ಚಿ ಮೂಟೆ ಕಟ್ಟಬೇಕು, ಕ್ಲಬ್ಬು ಮುಗಿದಂತೆ. ನನಗೇನೂ ನಷ್ಟವಿಲ್ಲ. ಸಂಜೆ ಮನೆಯಲ್ಲಿ ಕುಳಿತು ಓದಬಹುದು.

ಊಟ ಸೇರಲಿಲ್ಲ. ಹುಳಿಗೆ ಉಪ್ಪು ಜಾಸ್ತಿಯಾಗಿತ್ತೇನೋ, ಗಂಗರತ್ನಮ್ಮ ಇಲ್ಲವೆನ್ನುತ್ತಾಳೆ.

ಅಕ್ಟೋಬರ್ ೨೯, ಭಾನುವಾರ

ನಾನೇ ಒಂದು ದಾರಿ ಹುಡುಕಿದ್ದೇನೆ. ನಮ್ಮ ಶಾಲೆಯ ಹಿಂಭಾಗದಲ್ಲಿ ಮುರಿದ ಬೆಂಚು ತುಂಬಿದ ಒಂದು ಕೋಣೆಯಿದೆ. ರಾಜ್ಯೋತ್ಸವಕ್ಕೆ ವಿದ್ಯಾಧಿಕಾರಿಗಳು ಬರುತ್ತಾರೆ. ಅವರ ಮುಂದೆ ರೈಲು ಓಡಿಸಿ, ಎಲ್ಲ ಪದಗಳನ್ನೂ ಕನ್ನಡದಲ್ಲಿ ವಿವರಿಸಿದರೆ ಆ ಕೋಣೆಯನ್ನು ನಮಗೆ ಮಂಜೂರು ಮಾಡುವುದು ಖಂಡಿತ. ನನ್ನ ಕಾಲದಲ್ಲಿ ಆ ಕೋಣೆಯ ಬೀಗ ತೆಗೆಸಲು ಮೂರು ವರ್ಷ ಬರೆದು ಸೋತಿದ್ದೆ ಎಂಬುದನ್ನು ಮಿತ್ರರಿಗೆ ಹೇಳಲಿಲ್ಲ.

ದಿನವೂ ಪೂರ್ವಾಭ್ಯಾಸ. ಇಂದು ಎರಡು ಗಾಡಿಗಳೂ ಕೂದಲೆಳೆಯಷ್ಟು ತಪ್ಪದೆ ದಾಟಿದವು. ಕೃಷ್ಣಯ್ಯ ಸಂತೋಷದಿಂದ ನನ್ನ ಬೆನ್ನು ತಟ್ಟಿ, "ಗುರು, ಕಮಾಲ್ ಮಾಡ್ಬಿಟ್ರಿ!" ಎಂದರು. ಗುರು ಎಂಬುದು ಸರಿಯಾದ ಪದವೇ; ಅವರು ಬಳಸಿದ ಅರ್ಥ ಬೇರೆಯಾದರೂ ಸ್ವೀಕರಿಸಿದೆ.

ಹಲಗೆಗಳಿಗೆ ಹಸಿರು ಬಣ್ಣ ನಾನೇ ಬಳಿದೆ. ಮೂಗಿಗೆ ಹತ್ತಿದ್ದನ್ನು ಸೀಮೆಎಣ್ಣೆಯಲ್ಲಿ ಒರೆಸಬೇಕಾಯಿತು.

ನವೆಂಬರ್ ೧, ಬುಧವಾರ

ಭಾವಾವೇಶಕ್ಕೆ ಎಡೆಗೊಡದೆ, ನಡೆದದ್ದನ್ನು ಕ್ರಮವಾಗಿ ದಾಖಲಿಸುತ್ತೇನೆ.

ಎತ್ತಿನ ಗಾಡಿಯಲ್ಲಿ ನಮ್ಮ ರೈಲನ್ನು ಶಾಲೆಗೆ ಸಾಗಿಸಿದೆವು. ಸಭಾಂಗಣ ತುಂಬಿತ್ತು. ವಿದ್ಯಾಧಿಕಾರಿಗಳು ಮೊದಲ ಸಾಲಿನಲ್ಲಿ, ಕೈಯಲ್ಲಿ ಬಾದಾಮಿ ಹಾಲಿನ ಲೋಟ ಹಿಡಿದು ಕುಳಿತಿದ್ದರು. ಕೃಷ್ಣಯ್ಯ ಯಶವಂತಪುರದಲ್ಲಿ, ಮೊಯಿನುದ್ದೀನ್ ಚಿಕ್ಕಬಳ್ಳಾಪುರದಲ್ಲಿ, ಇಬ್ಬರೂ ಕೀಲಿ ಕೊಟ್ಟ ಎಂಜಿನ್ನು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ತಡೆಬಂಡಿ, ಕವಲುಗೋಲು, ಆಘಾತಹಾರಿ, ಉರುಳು ದಾಸ್ತಾನುಗಳನ್ನು ವಿವರಿಸಿದೆ. ಚಪ್ಪಾಳೆ ಬಿತ್ತು. ವಿದ್ಯಾಧಿಕಾರಿಗಳು ಎದ್ದು ಹಳಿಯ ಬಳಿಗೆ ಬಂದರು.

"ಏನ್ ಮೇಷ್ಟ್ರೇ, ಅದ್ಭುತ! ಈ ಪದಗಳೆಲ್ಲ ನೀವೇ ಸೃಷ್ಟಿ ಮಾಡಿದ್ದೇ? ಎಂಥ ವಿದ್ವತ್ತು! ನಿಮ್ಮಂಥವರನ್ನ ನಿವೃತ್ತಿ ಮಾಡಿದ್ದೇ ಇಲಾಖೆಯ ತಪ್ಪು. ಆ ಕೋಣೆ ವಿಷಯ..."

ಇಂಥ ಸಂದರ್ಭದಲ್ಲಿ ಸುಸಂಸ್ಕೃತನಾದ ಯಾವ ಕನ್ನಡಿಗನೂ ಹೇಳುವುದನ್ನೇ ನಾನೂ ತಲೆ ತಗ್ಗಿಸಿ ಹೇಳಿದೆ:

"ಅಯ್ಯೋ, ಬಿಡಿ, ಬಿಡಿ."

ಮೊದಲ "ಬಿಡಿ"ಗೆ ಕೃಷ್ಣಯ್ಯ ಬಿಟ್ಟರು. ಎರಡನೆಯದಕ್ಕೆ ಮೊಯಿನುದ್ದೀನ್ ಬಿಟ್ಟರು. ಸೌಜನ್ಯದ ಮಾತನ್ನು ಆಜ್ಞೆಯೆಂದು ತಿಳಿಯುವುದು ಶುದ್ಧ ವ್ಯಾಕರಣದ ಅಜ್ಞಾನ.

ಎರಡೂ ಗಾಡಿಗಳು ಒಂಟಿ ಹಳಿಯ ಮೇಲೆ ಎದುರುಬದುರಾಗಿ ಓಡಿ ಬಂದವು. ಆಗ ಸಭೆಯಲ್ಲಿ ಯಾರೋ "ಹೋಲ್ಡಾನ್! ಹೋಲ್ಡಾನ್!" ಎಂದು ಕಿರುಚಿದರು. ಅದು ನಾನೇ ಎಂದು ಎಲ್ಲರೂ ಹೇಳುತ್ತಾರೆ. ಗಂಟಲು ಕಟ್ಟಿರುವುದೇನೋ ನಿಜ.

ಇಂಗ್ಲೆಂಡಿನ ಎಂಜಿನ್ನು ಹಾರಿ ವಿದ್ಯಾಧಿಕಾರಿಗಳ ಪಾದದ ಮೇಲೆ ಬಿತ್ತು. ಬಾದಾಮಿ ಹಾಲು ನಂದಿಬೆಟ್ಟದ ಮೇಲೆ ಹರಿಯಿತು. ಮೊಯಿನುದ್ದೀನರ ಎಂಜಿನ್ನಿನ ಮುಖ ನೆಗ್ಗಿಹೋಯಿತು. ಮಕ್ಕಳು ಮಾತ್ರ "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕುಣಿದರು.

"ಕೋಣೆ ವಿಷಯ ಆಮೇಲೆ ನೋಡೋಣ," ಎಂದರು ವಿದ್ಯಾಧಿಕಾರಿಗಳು, ಕಾಲುಜ್ಜಿಕೊಳ್ಳುತ್ತ. ಇಲಾಖೆಯ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥವಿದೆ.

ನವೆಂಬರ್ ೨, ಗುರುವಾರ

ಮಂಡಿಗೆ ಹೋಗಿದ್ದೆ. ಕೃಷ್ಣಯ್ಯ ನನ್ನನ್ನು ಕಂಡು ಗೋಡೆಗೆ ಮುಖ ತಿರುಗಿಸಿದರು. "ವಿದ್ವತ್ತು ಬಂತು ನೋಡ್ರಪ್ಪಾ, ಜಾಗ ಬಿಡಿ. ಅಯ್ಯಯ್ಯೋ, ಬಿಡಿ ಅನ್ಬಾರ್ದು, ಏನಾದ್ರೂ ಗುದ್ಕೊಂಡಾವು!" ಎಂದರು ಗೋಡೆಗೆ.

ಬೇಗ ಹಿಂದಿರುಗಿದೆ.

ನವೆಂಬರ್ ೬, ಸೋಮವಾರ

ಎಲ್ಲ ಬಿಚ್ಚಿದರಂತೆ. ಡಬ್ಬಿ, ಹಳಿ ಎಲ್ಲ ಮೊಯಿನುದ್ದೀನ್ ಅಂಗಡಿಯ ಅಟ್ಟ ಸೇರಿದವಂತೆ. ನನಗೆ ಯಾರೂ ಹೇಳಿ ಕಳುಹಿಸಲಿಲ್ಲ. ಮುನಿಕೆಂಪಮ್ಮ ಹೇಳಿದಳು. ಆಕೆ "ಅಳಿ" ಎಂದಳು. ಹಳಿ ಎಂದು ನಾನು ತಿದ್ದಲಿಲ್ಲ.

ನವೆಂಬರ್ ೧೦, ಶುಕ್ರವಾರ

ಏನೂ ಇಲ್ಲ.

ನವೆಂಬರ್ ೧೬, ಗುರುವಾರ

ಸಂಜೆಯ ಗಾಡಿಯ ಕೂಗು ಮನೆಯವರೆಗೂ ಕೇಳಿಸುತ್ತದೆ. ಇಷ್ಟು ವರ್ಷ ಗಮನಿಸಿರಲಿಲ್ಲ. ಸಣ್ಣ ಗಾಡಿಯ ಕೂಗು ಕೀರಲು, ಮೀಟರ್ ಹಳಿಯ ಹಿಂದೂಪುರದ ಗಾಡಿಯದು ದಪ್ಪ.

ಇಂದು ನನಗೆ ಒಂದು ಉಪಾಯ ಹೊಳೆಯಿತು. ಅದನ್ನು ಗಂಗರತ್ನಮ್ಮ ನನಗಿಂತ ಸ್ವಲ್ಪ ಮೊದಲು ಹೇಳಿದಳು.

"ನಡುಮನೇಲಿ ನಿಮ್ಮ ಮೇಜು, ಆ ನಿಘಂಟಿನ ಬೀರು, ಎರಡನ್ನೂ ತೆಗ್ದು ಕೋಣೆಗೆ ಹಾಕಿದ್ರೆ ಎಷ್ಟು ಜಾಗ ಆಗುತ್ತೆ ನೋಡಿ. ರೈಲು ಅಡುಗೆಮನೆ ಹೊಸಿಲ ತನಕ ಬರ್ಲಿ. ಒಳಗೆ ಮಾತ್ರ ಬೇಡ."

"ಅವರು ಬರುವುದಿಲ್ಲ," ಎಂದೆ.

"ಕರೆದ್ರಾ?"

"ಕರೆಯುವುದೆಂದರೆ..."

"ಕರೆಯೋದು ಅಂದ್ರೆ ಬಾಯಿಬಿಟ್ಟು ಬನ್ನಿ ಅನ್ನೋದು. ಇದಕ್ಕೂ ನಿಘಂಟು ನೋಡ್ಬೇಕಾ? ಹತ್ತು ದಿನದಿಂದ ಈ ಮನೇಲಿ ಯಾರೂ ನನ್ನ ಮಾತು ತಿದ್ದಿಲ್ಲ. ನನಗೆ ಹೆದರಿಕೆ ಆಗ್ತಿದೆ ಅಂದ್ರೆ."

ನವೆಂಬರ್ ೧೭, ಶುಕ್ರವಾರ

ಮೊಯಿನುದ್ದೀನ್ ಅಂಗಡಿಗೆ ಹೋದೆ. ಕೃಷ್ಣಯ್ಯನವರೂ ಚಿಕ್ಕಬೈರಪ್ಪನವರೂ ಅಲ್ಲೇ ಮುರಿದ ಸ್ಟೂಲುಗಳ ಮೇಲೆ ಕುಳಿತಿದ್ದರು. ಮೊಯಿನುದ್ದೀನ್ ನೆಗ್ಗಿದ ಎಂಜಿನ್ನಿನ ಮುಖವನ್ನು ಸುತ್ತಿಗೆಯಿಂದ ಸರಿಮಾಡುತ್ತಿದ್ದರು. ಯಾರೂ ಕೂರಿ ಎನ್ನಲಿಲ್ಲ. ದಾರಿಯಲ್ಲಿ ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆ.

"ಅಂದು ಸಭೆಯಲ್ಲಿ 'ಬಿಡಿ' ಎಂಬ ಪದವು ಅಕಾಲದಲ್ಲಿ ಉಚ್ಚರಿಸಲ್ಪಟ್ಟಿತು," ಎಂದೆ.

"ಯಾರಿಂದ?" ಎಂದರು ಕೃಷ್ಣಯ್ಯ.

ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಹೇಳದೆಯೂ ಬಿಡಬಹುದೆಂದು ವಿವರಿಸಲು ಹೊರಟೆ. ಮೂವರೂ ನನ್ನನ್ನೇ ನೋಡುತ್ತಿದ್ದರು. ಸುತ್ತಿಗೆಯ ಸದ್ದೂ ನಿಂತಿತ್ತು.

"ನನ್ನಿಂದ," ಎಂದೆ.

ಆಮೇಲೆ ನಡುಮನೆಯ ವಿಷಯ ಹೇಳಿದೆ. ಚಿಕ್ಕಬೈರಪ್ಪ ಆಗಲೇ ಎದ್ದು ನಿಂತು ಚಪ್ಪಲಿ ಹುಡುಕತೊಡಗಿದ್ದರು. ಕೃಷ್ಣಯ್ಯ ಅವರ ಅಂಗಿ ಹಿಡಿದು ಕೂರಿಸಿದರು.

"ಒಂದು ಕಂಡೀಷನ್. ಹೊರಡೋಕೆ 'ರೈಟ್' ಅಂತ್ಲೇ ಅನ್ಬೇಕು. ನಾನು ಅನ್ನಲ್ಲ, ಮೊಯಿನುದ್ದೀನ್ ಅನ್ನಲ್ಲ. ಸ್ಟೇಷನ್ ಮಾಸ್ಟ್ರು ನೀವು. ನೀವೇ ಅನ್ಬೇಕು."

"ಹೂಂ ಅನ್ನಿ ಸ್ವಾಮಿ," ಎಂದರು ಚಿಕ್ಕಬೈರಪ್ಪ. "ನಮ್ಮನೇಲಿ ಅಳಿಯನ ಕಾಟ, ನಿಮ್ಮನೇಲಾರ ನೆಮ್ಮದಿಯಾಗಿ ಓಡ್ಲಿ."

ಆಲೋಚಿಸಿ ಹೇಳುತ್ತೇನೆಂದು ಬಂದೆ.

ಇಲ್ಲಿ ಒಂದು ಸೂಕ್ಷ್ಮವಿದೆ. "ರೈಟ್" ಎಂಬುದು ವ್ಯಂಜನಾಂತ, ಅದು ಇಂಗ್ಲಿಷ್. ಆದರೆ ಕೊನೆಗೆ ಉಕಾರ ಸೇರಿಸಿ "ರೈಟು" ಎಂದೊಡನೆ ಪದ ಸ್ವರಾಂತವಾಗಿ ಕನ್ನಡದ ಜಾಯಮಾನಕ್ಕೆ ಒಗ್ಗುತ್ತದೆ. ಬಸ್ಸು, ಕಾರು, ರೈಲು ಎಲ್ಲ ಹೀಗೆಯೇ ನಮ್ಮವಾದವು. ಆದಕಾರಣ "ರೈಟು" ಎನ್ನುವುದರಲ್ಲಿ ತತ್ತ್ವಕ್ಕೆ ಭಂಗವಿಲ್ಲ.

ನವೆಂಬರ್ ೧೯, ಭಾನುವಾರ

ಬೆಳಿಗ್ಗೆಯಿಂದ ಹಳಿ ಜೋಡಿಸಿದೆವು. ಬೀರು ಕೋಣೆಯ ಬಾಗಿಲಲ್ಲಿ ಹಿಡಿಸದೆ ಹಿತ್ತಿಲ ಜಗಲಿಯಲ್ಲಿದೆ. ನಿಘಂಟುಗಳು ಸದ್ಯಕ್ಕೆ ಚಿಕ್ಕಬಳ್ಳಾಪುರದ ಹಲಗೆಗೆ ಆಸರೆಯಾಗಿವೆ. ಎತ್ತರ ಸರಿಹೋಯಿತು.

ಸಂಜೆ ಕೃಷ್ಣಯ್ಯ ಬೀದಿಬಾಗಿಲಲ್ಲಿ, ಮೊಯಿನುದ್ದೀನ್ ಅಡುಗೆಮನೆಯ ಹೊಸಿಲಲ್ಲಿ ಎಂಜಿನ್ನು ಹಿಡಿದು ಕುಳಿತರು. ಚಿಕ್ಕಬೈರಪ್ಪ ಮಂಡಿಯಿಂದ ತಂದ ಆಲೂಗಡ್ಡೆಯನ್ನು ಗಂಗರತ್ನಮ್ಮನಿಗೆ ಕೊಟ್ಟು ಬಂದು ನನ್ನ ಪಕ್ಕದಲ್ಲಿ ಕುಕ್ಕರಿಸಿದರು. ನಾನು ಯಲಹಂಕದಲ್ಲಿ, ನೆಲದ ಮೇಲೆ ಹೊಟ್ಟೆಯೂರಿ ಮಲಗಿದ್ದೆ. ಹಳಿಯ ಮಟ್ಟದಿಂದ ನೋಡಿದರೆ ಮಾತ್ರ ಗಾಡಿ ಗಾಡಿಯಂತೆ ಕಾಣುತ್ತದೆ.

ಎಲ್ಲರೂ ಕಾಯುತ್ತಿದ್ದರು. ನಾನು ಕವಲುಗೋಲನ್ನು ಎರಡು ಸಲ ಪರೀಕ್ಷಿಸಿದೆ. ಗಂಗರತ್ನಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಇಣುಕಿದಳು.

"ಕೀಲಿ ಬಿಸಿ ಆಯ್ತು ಮೇಷ್ಟ್ರೇ," ಎಂದರು ಮೊಯಿನುದ್ದೀನ್, ಮೆಲ್ಲಗೆ.

"ರೈಟು," ಎಂದೆ.

"ಏನಂದ್ರಿ? ಕೇಳಿಸ್ಲಿಲ್ಲ!" ಎಂದು ಕೃಷ್ಣಯ್ಯ ಬೀದಿಬಾಗಿಲಿನಿಂದ ಕೂಗಿದರು.

ಅವರಿಗೆ ಕೇಳಿಸಿತ್ತು. ಗಾಡಿ ಆಗಲೇ ಅವರ ಕೈಬಿಟ್ಟು ನನ್ನ ಮೂಗಿನ ನೇರಕ್ಕೆ ಬರುತ್ತಿತ್ತು.

ಆದರೂ ಮೊಯಿನುದ್ದೀನರನ್ನು ಕೈಸನ್ನೆಯಿಂದ ತಡೆದು ಇನ್ನೊಮ್ಮೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿ.